ಕಾಗೆ ಮುಟ್ಟಿತು

ಕಾಗೆಯ ಹಾಗೆ ಕೂಗಿದ್ದು ತಾನಲ್ಲ ಎಂಬುದು ಖಾತ್ರಿಯಾಗಲು ದಿವಾಕರನಿಗೆ ತುಸು ಹೊತ್ತು ಹಿಡಿಯಿತು. ಬಾಯಿ ಮುಚ್ಚಿಯೇ ಇತ್ತು, ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ ಇತ್ತು, ಆದರೂ ನಾಲಿಗೆಯಿಂದ ತುಟಿ ಸವರಿ ನೋಡಿಕೊಂಡ. ಅಡುಗೆಮನೆಯ ಕಿಟಕಿಯಾಚೆ, ಓಕ್ ಮರದ ನೆತ್ತಿಯಲ್ಲಿ, ಅಸಲಿ ಕಾಗೆಯೊಂದು ಕುತ್ತಿಗೆ ಚಾಚಿ ಇನ್ನೊಮ್ಮೆ ಕೂಗಿತು. ಮೂಗಿನಲ್ಲಿ ಹುಟ್ಟಿ ಕೊನೆಗೆ ಬರುವಷ್ಟರಲ್ಲಿ ಚಪ್ಪಟೆಯಾಗುವ ಕೂಗು. ಈ ದೇಶದ ಕಾಗೆಗೂ ಈ ದೇಶದ್ದೇ ಆಕ್ಸೆಂಟು. ಬೇರೆ ದಿನವಾಗಿದ್ದರೆ ಅದರ ಧಾಟಿಯನ್ನು ಮನಸ್ಸಿನಲ್ಲೇ ಎತ್ತಿಕೊಂಡು, ಗಂಟಲನ್ನು ಎಲ್ಲಿ ಬಿಗಿ ಮಾಡಬೇಕು ಎಲ್ಲಿ ಸಡಿಲ ಬಿಡಬೇಕು ಎಂದು ಲೆಕ್ಕ ಹಾಕುತ್ತಿದ್ದ. ಇವತ್ತು ಗಾಜನ್ನು ಬೆರಳಗಂಟಿನಿಂದ ತಟ್ಟಿ, "ಶ್! ಹೋಗೇ!" ಎಂದ.

"ಯಾರ ಜೊತೆ ಮಾತು?" ಒಲೆಯ ಮುಂದಿದ್ದ ಪಂಕಜಾ ತಿರುಗದೆಯೇ ಕೇಳಿದಳು.

"ಕಾಗೆ."

"ಮಾತಾಡಿ, ಮಾತಾಡಿ. ನಿಮ್ಮ ಕಡೆಯೋರು. ಅಲ್ಲರೀ, ಕೋಸಂಬರಿಗೆ ಇಷ್ಟು ದಪ್ಪ ಹೆಚ್ತಾರಾ? ದನಕ್ಕೆ ಹಾಕೋ ಹಾಗಿದೆ. ಸುಬ್ಬು ಅವರು ರೂಟ್ ಎಂಬತ್ತು ಹೈವೇ ಬಿಟ್ಟಾಯ್ತಂತೆ, ಬಂದೇಬಿಡ್ತಾರೆ."

'ಹಾಕೋ' ಎನ್ನುವಲ್ಲಿ ಅವನ ಚಾಕು ನಿಂತಿತು. ಅವಳಿಗೆ ಏನೂ ಗೊತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಈಚೆಗೆ ಯಾರು ಏನು ಅಂದರೂ ಅದರೊಳಗೊಂದು ಟಾರ್ಚು ಇದ್ದು, ಅದು ತನ್ನ ಮುಖಕ್ಕೇ ತಿರುಗಿದಂತಾಗುತ್ತಿತ್ತು. ಹಿತ್ತಿಲಿನ ಕಡೆ ನೋಡಿದ. ಹುಲ್ಲು ಮುಗಿದು ಕಾಡು ಶುರುವಾಗುವಲ್ಲಿ ಯಾವ ಕಾಲದ ರೈತನೋ ಪೇರಿಸಿಟ್ಟು ಮರೆತುಹೋದ ಕಲ್ಲುಗೋಡೆ. ಅದರ ನಡುವೆ, ಮಣೆಯ ಹಾಗೆ ಮಟ್ಟಸವಾಗಿದ್ದ ಚಪ್ಪಟೆ ಬಂಡೆ. ಬಂಡೆ ಖಾಲಿಯಿತ್ತು. ಶನಿವಾರ ಇಷ್ಟು ಹೊತ್ತಿಗೆ ಅದು ಖಾಲಿ ಇರುತ್ತಿರಲಿಲ್ಲ.

ಬೆಳಿಗ್ಗೆ ಹಾಲು ತರಲು ಹೊರಟಾಗ ಪಕ್ಕದ ಜೋನಳ ಅಂಗಳದಲ್ಲಿ ಅದನ್ನು ಕಂಡಿದ್ದ. ಚಕ್ರದ ಮೇಲೆ ಮಲಗಿಸಿದ ಮೋರಿ ಪೈಪಿನಂಥ ಕಬ್ಬಿಣದ ಕೊಳವೆ, ಬಾಯಿಗೆ ಮೇಲಿಂದ ಬೀಳುವ ಬಾಗಿಲು, ಒಳಗಿನಿಂದ ಸಕ್ಕರೆ ಮೆತ್ತಿದ ಡೋನಟ್ಟಿನ ವಾಸನೆ. ಪಕ್ಕದ ಮನೆ ಎಂದರೆ ನಡುವೆ ಒಂದು ಹೊಲದಷ್ಟು ಕಾಡಿದೆ. ಜೋನ್ ಸ್ಕೂಲ್ ಬಸ್ಸು ಓಡಿಸಿ ನಿವೃತ್ತಳಾದವಳು, ಕೋಳಿ ಮತ್ತು ಜೇನು ಸಾಕಿಕೊಂಡವಳು, ದಿವಾಕರ ಎನ್ನಲಾಗದೆ ಮೊದಲ ದಿನವೇ 'ಡೀ' ಎಂದು ಅವನನ್ನು ಗಿಡ್ಡ ಮಾಡಿ ಮುಗಿಸಿದವಳು.

"ಹೇಗಿದೆ ಡೀ, ನನ್ನ ಹೊಸ ಗೆಸ್ಟ್ ರೂಮ್?" ಎಂದಳು. "ವನ್ಯಜೀವಿ ಇಲಾಖೆಯೋರು ನಿನ್ನೆ ಈ ಬೋನು ತಂದಿಟ್ಟರು. ಕೋಳಿಗೂಡಿನ ಬಾಗಿಲು ಕಿತ್ತುಹಾಕಿದೆ ನಿನ್ನ ಕರಡಿ."

"ನನ್ನ ಕರಡಿ?"

"ನಮ್ಮ ಕರಡಿ. ಕಿವಿಗೆ ಹಳದಿ ಬಿಲ್ಲೆ ಇರೋದು. ಅಂದರೆ ಒಂದು ಸಲ ಎಲ್ಲೋ ಹಿಡಿದು ಬಿಟ್ಟಿದಾರೆ. ಈ ಸಲ ಹಿಡಿದರೆ ಬಿಡಲ್ಲ."

"ಬಿಡಲ್ಲ ಅಂದರೆ?"

"ಬಿಡಲ್ಲ ಅಂದರೆ ಬಿಡಲ್ಲ, ಹನೀ." ಅವಳು ತೋರುಬೆರಳನ್ನು ತನ್ನ ಕಿವಿಯ ಹಿಂದೆ ಇಟ್ಟು ತೋರಿಸಿದಳು. "ಯಾರೋ ತಿನ್ನೋಕೆ ಹಾಕ್ತಿದಾರೆ ಅದಕ್ಕೆ. ಎ ಫೆಡ್ ಬೇರ್ ಈಸ್ ಎ ಡೆಡ್ ಬೇರ್, ಇಲ್ಲಿ ಮಗುವಿಗೂ ಗೊತ್ತು. ಇನ್ನೊಂದು ವಿಷಯ. ನಿನ್ನ ಹಿತ್ತಿಲಲ್ಲಿ ಒಂದು ಕಾಗೆ ಇದೆ ನೋಡು. ಅದು ಕೂಗಿತು ಅಂದರೆ ಈ ಕರಡಿ ನನ್ನ ಅಂಗಳ ಹಾಯ್ದುಕೊಂಡು ಆ ಕಡೆ ಹೋಗುತ್ತೆ. ಆ ಕಾಗೆಗೆ ಏನೋ ಕಾಯಿಲೆ ಇದೆ, ಡೀ. ಇಷ್ಟು ಕೆಟ್ಟದಾಗಿ ಕೂಗೋ ಕಾಗೇನ ನಾನು ಹುಟ್ಟಿದಾಗಿನಿಂದ ಕೇಳಿಲ್ಲ."

ಆ ಕ್ಷಣದಲ್ಲಿ ತನಗೆ ಆಗಬೇಕಾಗಿದ್ದುದು ಹೆದರಿಕೆ. ಆದದ್ದು ಅವಮಾನ. ಅದನ್ನು ನೆನೆದು ಈಗ, ಸೌತೆಕಾಯಿಯ ಮುಂದೆ, ಇನ್ನೊಂದು ಪದರ ನಾಚಿಕೆಯಾಯಿತು. ಒಂದು ಜೀವದ ತಲೆಗೆ ಗುಂಡು ಬೀಳುವ ಸುದ್ದಿ ಕೇಳಿ ನಿಂತವನು ಒಳಗೊಳಗೇ, 'ಕೆಟ್ಟದಾಗಿ ಅಂದರೇನು, ಸ್ವರ ತಪ್ಪಿದೆಯೋ, ಲಯವೋ' ಎಂದು ಕೇಳಬೇಕೆಂದುಕೊಂಡಿದ್ದ! ಕನ್ನಡ ಕೂಟದ ಯುಗಾದಿಯಲ್ಲಿ ಮಂತ್ರಿ, ಪುರೋಹಿತ, ಇಮಿಗ್ರೇಷನ್ ಆಫೀಸರು, ಕುಕ್ಕರಿನ ಸೀಟಿ, ಎಲ್ಲದರ ದನಿಯನ್ನೂ ಮಾಡಿ ಚಪ್ಪಾಳೆ ಗಿಟ್ಟಿಸಿದ ಗಂಟಲು ಇದು. ಕೇಳಿದ್ದು ಮಾತ್ರ ಬೇರೆ. "ಹಾಗಾದರೆ ಅದು ಉಳೀಬೇಕು ಅಂದರೆ?" ಜೋನ್ ಅವನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಓಡಿಸಬೇಕು. ಪಾತ್ರೆ ಬಡಿ, ಕಲ್ಲು ಹೊಡಿ, ಬಾಯಿಗೆ ಬಂದದ್ದು ಬೈ. ಒಂದು ಸಲಕ್ಕೆ ಬುದ್ಧಿ ಬರಲ್ಲ ಅದಕ್ಕೆ, ಬಂದಾಗಲೆಲ್ಲ ಓಡಿಸಬೇಕು. ಇಲ್ಲೇನೂ ಸಿಗಲ್ಲ ಅಂತಾದರೆ ಗುಡ್ಡದ ಆಚೆಗೆ ಹೋಗಿ ಬದುಕಿಕೊಳ್ಳುತ್ತೆ. ಈ ಡೋನಟ್ ಮೂಸೋಕೆ ಮುಂಚೆ."

ಎಲ್ಲ ಶುರುವಾದದ್ದು ಕಾಗೆಯಿಲ್ಲದೆ. ಕಳೆದ ಸೆಪ್ಟೆಂಬರಿನ ಪಕ್ಷಮಾಸದಲ್ಲಿ, ಅಪ್ಪನ ಶ್ರಾದ್ಧವನ್ನು ಜರ್ಸಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮಾಡಿದರೆ ಪಿಂಡ ಎಲ್ಲಿ ಇಡುವುದು ಎಂಬ ಪ್ರಶ್ನೆ ಬಂದಿತ್ತು. ಆ ಎತ್ತರದ ಬಾಲ್ಕನಿಗೆ ಬರುವುದು ಹಡ್ಸನ್ ನದಿಯ ಸೀಗಲ್ ಹಕ್ಕಿಗಳು. ಅವುಗಳಿಗೆ ಮಾವನವರ ಪರಿಚಯವಿಲ್ಲ ಎಂದು ಪಂಕಜಾ ಅಂದಿದ್ದಳು. "ಕಾಡಿನ ಮನೇಲಿ ಮಾಡೋಣ. ಅಲ್ಲಾದರೆ ಕಾಗೆ ಇವೆ." ವಾರವೆಲ್ಲ ಕಮ್ಯೂಟ್ ಮಾಡಿ ಹೈರಾಣಾದ ಜೀವಕ್ಕೆ ವಾರಾಂತ್ಯದಲ್ಲಿ ಹಸಿರು ಇರಲಿ ಎಂದು ಕೋವಿಡ್ ಕಾಲದಲ್ಲಿ ಕೊಂಡ, ರಾಜ್ಯದ ಉತ್ತರದ ಮೂಲೆಯ ಹಳೇ ಮನೆ. ಐಸೆಲಿನ್ನಿನ ಇಂಡಿಯನ್ ಅಂಗಡಿಯಿಂದ ಫ್ರೋಜನ್ ಬಾಳೆಲೆ ಬಂತು, ಎಡಿಸನ್ನಿನ ಪುರೋಹಿತರು ವಿಡಿಯೋದಲ್ಲಿ ಬಂದರು, ಎಳ್ಳು ತುಪ್ಪ ಜೇನುತುಪ್ಪ ಬಾಳೆಹಣ್ಣು ಕಲಸಿದ ಪಿಂಡ ಬಂಡೆಯ ಮೇಲೆ ಕೂತಿತು. ಕಾಗೆ ಮಾತ್ರ ಬರಲಿಲ್ಲ. ಮರದ ತುಂಬ ಇದ್ದವು, ಇತ್ತ ನೋಡಲಿಲ್ಲ. ಕಾಗೆ ಮುಟ್ಟುವ ತನಕ ಯಾರೂ ಉಣ್ಣುವ ಹಾಗಿಲ್ಲ ಎಂದು ಹೇಳಿ ಪುರೋಹಿತರು ಇನ್ನೊಂದು ಮನೆಯ ವಿಡಿಯೋಗೆ ಹೋದರು. ಮಗಳು ಧೃತಿ ಬಾಗಿಲಿಗೊರಗಿ, "ಅಪ್ಪಾ, ಕ್ಯಾನ್ ವೀ ಜಸ್ಟ್ ಈಟ್? ತಾತ ವುಡಂಟ್ ಮೈಂಡ್" ಎಂದಳು. ತಾತ ಯಾವುದಕ್ಕೂ ಬೇಜಾರು ಮಾಡಿಕೊಳ್ಳುವವರಲ್ಲ, ಅದೇ ತೊಡಕು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎನ್ನುತ್ತಾರೆ. ಯಾವ ಆಸೆಯನ್ನೂ ಬಾಯಿಬಿಟ್ಟು ಹೇಳದ ಮನುಷ್ಯನ ಆಸೆ ಎಲ್ಲಿ ಹುಡುಕುವುದು? ಆಗ ದಿವಾಕರ ಬೊಗಸೆಯನ್ನು ಬಾಯಿಗಿಟ್ಟು ಕೂಗಿದ. ಮೈಸೂರಿನ ಕಾಗೆ, ಬೆಳಗಿನ ಹಿತ್ತಿಲ ಕಾಗೆ, ಕೊಳಾಯಿ ಕಟ್ಟೆಯ ಮೇಲಿನ ಜಗಳಗಂಟಿ ಕಾಗೆ. "ನೀವೇ ಕಾಗೆ ಆಗೋದಾದರೆ ಪಿಂಡಾನೂ ನೀವೇ ಮುಟ್ಟಿಬಿಡಿ, ಕೆಲಸ ಮುಗಿಯುತ್ತೆ" ಎಂದು ಪಂಕಜಾ ನಕ್ಕು ಒಳಗೆ ಹೋದಳು. ಧೃತಿಯೂ ಹೋದಳು. ಅವನು ಇನ್ನೊಮ್ಮೆ ಕೂಗಿದ. ಗೋಡೆಯಾಚೆಯ ಜರೀಗಿಡಗಳು ಅಲುಗಿದವು. ಕಪ್ಪಗಿನದೇನೋ ಬಂತು, ಆದರೆ ರೆಕ್ಕೆಯಿರಲಿಲ್ಲ. ಬಂಡೆಯ ಮುಂದೆ ಕೂತು, ಮನೆಯ ಹಿರಿಯನ ಹಾಗೆ ಸಾವಕಾಶವಾಗಿ, ಎಲೆಯನ್ನು ಎಡಗೈಯಿಂದ ಒತ್ತಿ ಹಿಡಿದು, ಒಂದಗುಳು ಬಿಡದೆ ಉಂಡಿತು. ಮುಗಿಸಿ ತಲೆಯೆತ್ತಿ ಅವನನ್ನು ನೋಡಿತು. ಓಡಬೇಕೆಂದು ಹೊಳೆಯಲೇ ಇಲ್ಲ. ಒಳಗೆ ಹೋಗಿ, "ಕಾಗೆ ಮುಟ್ಟಿತು, ಬಡಿಸು" ಎಂದ. ಆ ದಿನದ ಆಂಬೊಡೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಕರಡಿಯಲ್ಲಿ ಅಪ್ಪನನ್ನು ಕಾಣುವಷ್ಟು ಮೌಢ್ಯ ತನಗಿಲ್ಲ ಎಂದು ಅವನು ತನಗೇ ಹಲವು ಸಲ, ಒಳ್ಳೆಯ ಇಂಗ್ಲಿಷಿನಲ್ಲಿ, ಹೇಳಿಕೊಂಡಿದ್ದ. ಇದು ನಿಸರ್ಗ ವೀಕ್ಷಣೆ. ಆಫೀಸಿನಲ್ಲಿ ಯಾರಾದರೂ ವೀಕೆಂಡ್ ಹೇಗಿತ್ತೆಂದರೆ 'ಐ ಹ್ಯಾವ್ ಬಿಕಮ್ ಎ ನೇಚರ್ ಪರ್ಸನ್' ಅನ್ನುತ್ತಿದ್ದ. ಸುಳ್ಳೂ ಅಲ್ಲ. ಪಂಕಜಾ ಧಾರವಾಡದ ಅಕ್ಕನ ಜೊತೆ ಫೋನಿಗೆ ಕೂರುವ ಶನಿವಾರದ ಹೊತ್ತಿನಲ್ಲಿ ಮೊಸರನ್ನವನ್ನೋ ಅವಲಕ್ಕಿಯನ್ನೋ ಬಂಡೆಗಿಟ್ಟು, ಕೂಗಿ, ಕಾಯುತ್ತ ಕೂತಾಗ, ಹಿಂದೆಂದೂ ಕಾಣದ್ದೆಲ್ಲ ಕಂಡಿತ್ತು. ಓಕ್ ಕಾಯಿಗಳು ತಗಡಿನ ಮಾಡಿನ ಮೇಲೆ ಉದುರಿ, ಯಾರೋ ಬಾಗಿಲು ತಟ್ಟಿದ ಹಾಗೆ ಮತ್ತೆ ಮತ್ತೆ ಎದ್ದು ನೋಡುವಂತೆ ಮಾಡುತ್ತಿದ್ದವು. ಮೇಪಲ್ ಮರಗಳು ಕುಂಕುಮದ ಭರಣಿ ಚೆಲ್ಲಿಕೊಂಡವು. ಜಿಂಕೆ ಬೇಟೆಯ ಬಂದೂಕು ದೂರದಲ್ಲಿ ಗೊರಕೆ ಹೊಡೆಯಿತು. ಡಿಸೆಂಬರಿನಲ್ಲಿ ಕೂಗಿದರೆ ಯಾರೂ ಬರಲಿಲ್ಲ; ಮಲಗಿರಬೇಕು. ಹಿಮದ ಮೇಲೆ ಮುಚ್ಚಳ ತೆಗೆಯದ ಡಬ್ಬಿ ಹಿಡಿದು ನಿಂತ. ಎಲೆ ಉದುರಿಸಲೊಲ್ಲದ ಬೀಚ್ ಮರಗಳು ಹಳೇ ಕಾಗದದ ಬಣ್ಣಕ್ಕೆ ತಿರುಗಿ ಚಳಿಗಾಲವಿಡೀ ಸರಬರ ಎನ್ನುತ್ತಿದ್ದವು. ಆಫೀಸಿಗೆ ಹೋಗುವ ಪಾತ್ ಟ್ರೇನಿನ ಸುರಂಗದಲ್ಲಿ, ಯಾರಿಗೂ ಕೇಳಿಸದ ಗದ್ದಲದಲ್ಲಿ, ಅವನು ಕಾಗೆಯನ್ನು ಅಭ್ಯಾಸ ಮಾಡಿದ. ಮಾರ್ಚಿನಲ್ಲಿ ಜೋನ್ ರಸ ಇಳಿಸಲು ಮೇಪಲ್ ಮರಗಳಿಗೆ ಬಕೆಟ್ಟು ನೇತುಹಾಕಿದಳು, ಕೆಸರಿನಲ್ಲಿ ಬೂಟು ಸಿಕ್ಕಿಕೊಂಡಿತು, ಜೌಗಿನ ಪುಟ್ಟ ಕಪ್ಪೆಗಳು ಮದುವೆ ಮನೆಯ ಹೆಂಗಸರ ಹಾಗೆ ಒಟ್ಟಿಗೇ ಬಾಯಿಬಿಟ್ಟವು. ಏಪ್ರಿಲಿನ ಒಂದು ಶನಿವಾರ ಒಂದೇ ಕೂಗಿಗೆ ಅದು ಬಂತು. ಬಡಕಲಾಗಿತ್ತು, ಕಿವಿಯಲ್ಲಿ ಹಳದಿ ಬಿಲ್ಲೆಯಿತ್ತು. ದಿವಾಕರ ಡಬ್ಬಿಯ ಅನ್ನವನ್ನು ಪೂರ್ತಿ ಮಗುಚಿಬಿಟ್ಟಿದ್ದ. ಅದು ಯಾಕೆ ಜೋನಳ ಕೋಳಿಗೂಡಿಗೆ ಹೋಯಿತು? ಮನುಷ್ಯರ ಮನೆಯಲ್ಲಿ ಊಟ ಸಿಗುತ್ತದೆ ಎಂದು ಅದಕ್ಕೆ ಹೇಳಿಕೊಟ್ಟವರು ಯಾರು? ಉಂಡ ಕರಡಿಗೆ ಗುಂಡು. ಜೋನಳ ಮಾತು ಕನ್ನಡಕ್ಕೆ ಬರುವಾಗ ಪ್ರಾಸ ಕಟ್ಟಿಕೊಂಡೇ ಬಂದದ್ದಕ್ಕೆ ಅವನು ತನ್ನ ತಲೆಯನ್ನೇ ಶಪಿಸಿದ.

ಹೊರಗೆ ಕಾರಿನ ಬಾಗಿಲು ಬಡಿದುಕೊಂಡಿತು. "ಏನಮ್ಮಾ ಪಂಕಜಾ, ಘಮ ಘಮ ರೋಡಿಗೇ ಬರ್ತಿದೆ!" ಎನ್ನುತ್ತ ಸುಬ್ಬು ಬಂದ, ಹಿಂದೆ ಅವನ ಹೆಂಡತಿ ರಾಜಿ, ಐಸೆಲಿನ್ನಿನ ಮಿಠಾಯಿ ಡಬ್ಬಿ. ಸುಬ್ಬು ಇವನ ಕಾಲೇಜು ದಿನಗಳ ಗೆಳೆಯ, ಮೊದಲ ಪ್ರೇಕ್ಷಕ, ಎಲ್ಲ ಐಟಮ್ಮುಗಳ ಹೆಸರು ನೆನಪಿಟ್ಟುಕೊಂಡವನು. ಕೂತದ್ದೇ, "ಲೋ ದಿವಾಕರ, ರಾಜೀಗೆ ಪ್ರಾಮಿಸ್ ಮಾಡಿದೀನಿ. ಊಟಕ್ಕೆ ಮುಂಚೆ ಅಪ್ಪನ ಐಟಂ ಆಗಬೇಕು."

"ಈಗ ಬೇಡ ಕಣೋ."

"ನಖರಾ ಮಾಡ್ತಾನೆ ನೋಡಿ! ಅಪ್ಪ ಮತ್ತು ಆಟೊಮ್ಯಾಟಿಕ್ ಆಂಟಿ. ಎರಡೇ ನಿಮಿಷ."

ಮಾಡಿದ. ಮಾಡದೆ ಇರುವುದು ಹೇಗೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಪ್ಪ ಇಲ್ಲಿಗೆ ಬಂದಿದ್ದಾಗ ಒಮ್ಮೆ ವಾಪಸು ಪ್ರಯಾಣಕ್ಕೆ ವೀಲ್‌ಚೇರ್ ಕೇಳಲು ವಿಮಾನ ಕಂಪನಿಗೆ ಫೋನು ಮಾಡಿದ್ದರು. ಆ ಕಡೆ ಯಂತ್ರದ ಹೆಂಗಸು. ಮೈಸೂರಿನ ಕರೆಂಟ್ ಬಿಲ್ ಕೌಂಟರಿನಲ್ಲಿ ಆಯುಷ್ಯ ಸವೆಸಿದ ಅಪ್ಪ ಯಾರನ್ನೂ ಗದರಿದವರಲ್ಲ. "ನಮಸ್ಸ್ಕಾರಮ್ಮಾ ತಾಯೀ," ಅಪ್ಪನ ಕಟ್ಟಿಸಿದ ಹಲ್ಲಿನ ಸೀಟಿಯನ್ನು ದಿವಾಕರ ತನ್ನ ಹಲ್ಲಿನ ಸಂದಿಯಿಂದ ಹೊರಡಿಸಿದ, "ಊಟ ಆಯ್ತೇನಮ್ಮಾ? ಪ್ರೆಸ್ಸ್ ಒನ್ ಅಂತ ನೀವು ಹೇಳಿದಿರಿ, ಸ್ಸರಿ, ಆದರೆ ನಿಮಗೆ ಬೇರೆ ಕೆಲಸ್ಸ ಇದ್ದರೆ ನಾನು ಆಮೇಲೆ ಮಾಡ್ತೀನಿ..." ಸುಬ್ಬು ತೊಡೆ ತಟ್ಟಿಕೊಂಡು ನಕ್ಕ. ರಾಜಿ ಕಣ್ಣೊರೆಸಿಕೊಂಡಳು. "ಥೇಟ್ ಅವರೇ!" ಹೌದು, ಥೇಟ್. ಅದೇ ಅವನನ್ನು ರಾತ್ರಿ ಹಗಲು ಕುಟುಕುತ್ತಿದ್ದುದು. ಅಪ್ಪ ಹೋದ ಮೇಲೆ ಒಮ್ಮೆ ಅವರ ದನಿಯನ್ನು ನೆನಪಿಸಿಕೊಳ್ಳಲು ಹೋದರೆ ಬಂದದ್ದು ಈ ಸೀಟಿ. ಪ್ರತಿ ಸಲವೂ ಸೀಟಿ. ಚಪ್ಪಾಳೆ ಬಿದ್ದ ಕಡೆಯೆಲ್ಲ ದನಿಯನ್ನು ಒಂದೊಂದು ನೂಲು ಹಿಗ್ಗಿಸಿ ಹಿಗ್ಗಿಸಿ, ನಕಲು ಅಸಲನ್ನು ತಿಂದು ತೇಗಿತ್ತು. ಒಂದು ನೆನಪಿತ್ತು, ಮೂಕಿ ಚಿತ್ರದಂಥದು. ತಿಂಗಳ ಕೊನೆ, ಬಾಗಿಲಲ್ಲಿ ಭಿಕ್ಷುಕ, ಒಳಗೆ ಏನೂ ಇಲ್ಲ. ಬೀದಿಯವರೆಲ್ಲ 'ಮುಂದೆ ಹೋಗು' ಎಂದು ಅಡುಗೆಮನೆಯಿಂದಲೇ ಕೂಗಿ ಹೇಳುವುದನ್ನು ಅಪ್ಪ ಮಾತ್ರ ಎದ್ದು, ಅಂಗಿ ಹಾಕಿಕೊಂಡು, ಹೊಸ್ತಿಲ ತನಕ ಹೋಗಿ, ಅವನ ಮುಖ ನೋಡಿ ಹೇಳುತ್ತಿದ್ದರು. ಪಂಚೆ ಹಿಡಿದು ಹಿಂದೆ ನಿಂತ ಹುಡುಗನಿಗೆ ಪಂಚೆಯ ನೀಲಿಯೂ ನೆನಪಿದೆ, ಅವರು ಕೈ ಹೇಗೆ ಹಿಡಿದಿದ್ದರೆಂಬುದೂ ನೆನಪಿದೆ. ದನಿ ಮಾತ್ರ ಇಲ್ಲ.

ಸೀಟಿಯ ನಡುವೆಯೇ, ಅಡುಗೆಮನೆಯ ಬಾಗಿಲಿನ ಚೌಕಟ್ಟಿನೊಳಗೆ, ಹಿತ್ತಿಲಿನ ಬಂಡೆಯ ಹಿಂದೆ ಅದು ಕೂತಿರುವುದು ಕಂಡಿತು. ಯಾರೂ ಕರೆದಿರಲಿಲ್ಲ. ಶನಿವಾರವೆಂದು ಬಂದಿತ್ತು. ಗಾಳಿ ಬೀಸಿ, ಅದು ಮೂಗನ್ನು ಜೋನಳ ಅಂಗಳದ ಕಡೆಗೆ ತಿರುಗಿಸಿತು. ಡೋನಟ್ಟು.

"ತುಪ್ಪ ತರ್ತೀನಿ," ಎಂದು ದಿವಾಕರ ಎದ್ದ.

"ತುಪ್ಪ ಇಲ್ಲೇ ಇದೆಯಲ್ಲರೀ," ಎಂದಳು ಪಂಕಜಾ, ಅಷ್ಟರಲ್ಲಿ ಅವನು ಅಡುಗೆಮನೆ ಸೇರಿದ್ದ. ಕೈಗೆ ಸಿಕ್ಕಿದ್ದು ದೋಸೆ ಕಾವಲಿ ಮತ್ತು ಮರದ ಸೌಟು. ಹುಲ್ಲಿಗಿಳಿದಾಗ ಕರಡಿ ಎದ್ದು ನಿಂತಿತು. ಹೆದರಿ ಅಲ್ಲ, ಬಡಿಸಲು ಬಂದವರನ್ನು ಕಂಡವರ ಹಾಗೆ. ಅವನು ಕಾವಲಿ ಬಡಿದ. ಅದು ಕಿವಿ ಅಲ್ಲಾಡಿಸಿತು, ಬಿಲ್ಲೆ ಬಿಸಿಲಿಗೆ ಹೊಳೆಯಿತು. ಇನ್ನೂ ಜೋರಾಗಿ ಬಡಿದ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಕೂತಿತು; ಇದು ಹೊಸ ಬಗೆಯ ಕರೆಯೇನೋ ಎಂದುಕೊಂಡಿತೋ ಏನೋ. ಬೈಯಬೇಕು. ಎಷ್ಟು ಜನರ ಬೈಗುಳ ಗೊತ್ತಿತ್ತು ಅವನಿಗೆ! ಸಂತೆ ಪೊಲೀಸಿನದು, ಟ್ರೈನಿನ ಟಿಸಿಯದು, ಕುಡುಕನದು. ಒಂದಾದ ಮೇಲೊಂದು ಹೊರಟು ಹುಲ್ಲಿನ ಮೇಲೆ ಬಿದ್ದವು, ಯಾವುದರಲ್ಲೂ ಕಾವಿರಲಿಲ್ಲ. ಕರಡಿ ಕೇಳಿಸಿಕೊಂಡಿತು, ಒಳ್ಳೆಯ ಪ್ರೇಕ್ಷಕನ ಹಾಗೆ. ಅವನು ಸೌಟನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ ಕಲ್ಲೆತ್ತಿದ. ಎಸೆಯುವ ತನಕ ಎಸೆಯುತ್ತೇನೆಂದು ಅವನಿಗೇ ನಂಬಿಕೆಯಿರಲಿಲ್ಲ. ಕಲ್ಲು ಅದರ ಭುಜದ ಮೂಳೆಗೆ ತಗಲಿದ ಸದ್ದು ಬಂತು. ಅದು ಹುಸ್ಸೆಂದು ಉಸಿರುಬಿಟ್ಟು, ಮರಕ್ಕೆ ಅರ್ಧ ಹತ್ತಿ, ಕಾಂಡವನ್ನು ಅಪ್ಪಿಕೊಂಡು, ತಿರುಗಿ ನೋಡಿತು. ಅದರ ನೋಟದಲ್ಲಿ ಸಿಟ್ಟಿರಲಿಲ್ಲ. ಏನು ತಪ್ಪಾಯಿತೆಂದು ಕೇಳುವಂತಿತ್ತು. ದಿವಾಕರನ ಕೈಯಲ್ಲಿ ಎರಡನೆಯ ಕಲ್ಲಿತ್ತು. ಕೈ ತಾನಾಗಿಯೇ ಇಳಿಯಿತು. ಬಂಡೆಯ ತನಕ ನಡೆದು ಹೋಗಿ, ಅದರ ಮುಖ ನೋಡಿ,

"ಮುಂದೆ ಹೋಗಪ್ಪಾ," ಎಂದ. "ಇಲ್ಲೇನೂ ಇಲ್ಲ. ಮುಂದೆ ಹೋಗು."

ತಗ್ಗಿದ ದನಿ. ಒಣಗಿದ, ತುಸು ಒಡೆದ, ಎದುರಿಗಿರುವವನಿಗಿಂತ ತಾನೇ ಸಣ್ಣವನೆಂಬಂತೆ 'ಪ್ಪಾ' ಎನ್ನುವಲ್ಲಿ ಕುಗ್ಗಿದ ದನಿ. ಅದರಲ್ಲಿ ಸೀಟಿ ಇರಲಿಲ್ಲ. ಯಾರು ಮಾತಾಡಿದರೆಂದು ಅವನು ಹಿಂದಕ್ಕೆ ತಿರುಗಿ ನೋಡಿದ. ಕರಡಿ ಮರ ಇಳಿದು, ಒಂದು ಕಾಲನ್ನು ತುಸು ಎಳೆಯುತ್ತ, ಜೋನಳ ಕಡೆಗಲ್ಲ, ಗುಡ್ಡದ ಕಡೆಗೆ ಹೋಯಿತು. ಜರೀಗಿಡಗಳು ಮುಚ್ಚಿಕೊಂಡವು.

ಜಾಲರಿ ಬಾಗಿಲು ಕಿರುಗುಟ್ಟಿತು. "ಯಾರ್ರೀ ಬಂದಿದ್ದು?" ಪಂಕಜಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅವನನ್ನು, ಕಾವಲಿಯನ್ನು, ಖಾಲಿ ಬಂಡೆಯನ್ನು ನೋಡಿದಳು. "ಯಾರೋ ಮಾತಾಡಿದ ಹಾಗಾಯ್ತು."

"ನಾನೇ."

"ನಿಮ್ಮ ದನಿ ಅಲ್ಲ ಅದು." ಇವನ ಎಲ್ಲ ದನಿಗಳನ್ನೂ ಇಪ್ಪತ್ತೆಂಟು ವರ್ಷದಿಂದ ಗುರುತಿಸಿ, ಬೇಸತ್ತು, ಸಾಕು ಮಾಡಿ ಅಂದವಳು.

ಅವಳ ಭುಜದ ಮೇಲಿಂದ ಸುಬ್ಬುವಿನ ತಲೆ ಮೂಡಿತು. "ಹೊಸ ಐಟಮ್ಮೇನೋ? ಕಾವಲಿ ಸಮೇತ! ಮಾಡೋ, ಇನ್ನೊಂದು ಸಲ ಮಾಡು."

ಮಾಡಬೇಕೆಂದು ಅವನಿಗೇ ಆಸೆಯಾಯಿತು, ಇವರಿಗಲ್ಲ, ತನಗೆ. ತುಟಿ ತೆರೆದ. "ಮುಂದೆ..." ಹಲ್ಲಿನ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿತು. ಸಕಾರವೇ ಇಲ್ಲದ ಮಾತಿನಲ್ಲೂ ಸೀಟಿ ಬಂತು. ಸುಬ್ಬು ನಕ್ಕ. "ಹಳೇದೇ ಅಲ್ಲವೋ ಇದು!"

"ಎಲೆ ಹಾಕಿದೀನಿ, ಬನ್ನಿ," ಎಂದು ಪಂಕಜಾ ಎಲ್ಲರನ್ನೂ ಒಳಗೆ ದಬ್ಬಿದಳು. ಹೋಗುವ ಮುನ್ನ ಇನ್ನೊಮ್ಮೆ ಬಂಡೆಯ ಕಡೆ ನೋಡಿದಳು.

ಅವನು ನಿಂತೇ ಇದ್ದ. ಗುಡ್ಡದ ಇಳಿಜಾರಿನಲ್ಲಿ ಒಣಕಡ್ಡಿ ಮುರಿದ ಸದ್ದು ಇನ್ನೂ ಕೇಳುವಷ್ಟು ಹತ್ತಿರದಲ್ಲಿತ್ತು. ದೂರ ಹೋಗಿಲ್ಲ. ಒಂದು ಸಲ ಕರೆದರೆ ಸಾಕು. ಕರೆದರೆ ಬರುತ್ತದೆ, ಬಂದರೆ ಕಳಿಸಬೇಕು, ಕಳಿಸುವಾಗ ಆ ದನಿ ಇನ್ನೊಮ್ಮೆ, ಇನ್ನೊಂದೇ ಒಮ್ಮೆ... ಬಂದಾಗಲೆಲ್ಲ ಓಡಿಸಬೇಕು ಎಂದು ಜೋನಳೇ ಹೇಳಿದ್ದಾಳಲ್ಲ. ತನ್ನ ಲೆಕ್ಕಾಚಾರದ ಜಾಣತನಕ್ಕೆ ಅವನ ಮೈ ಬೆವರಿತು. ಗಾಳಿ ಜೋನಳ ಅಂಗಳದ ಸಕ್ಕರೆ ವಾಸನೆಯನ್ನು ಹೊತ್ತು ತಂದಿತು. ಓಕ್ ಮರದ ನೆತ್ತಿಯಿಂದ ಕಾಗೆ ಕೂಗಿತು. ಉತ್ತರ ಅವನ ಗಂಟಲಿನ ತನಕ ಬಂದೇಬಿಟ್ಟಿತು, ಬಿಗಿಯಬೇಕಾದಲ್ಲಿ ಬಿಗಿದು, ಸಡಿಲಬೇಕಾದಲ್ಲಿ ಸಡಿಲಿ. ಕಾವಲಿಯನ್ನು ಹುಲ್ಲಿನ ಮೇಲೆ ಬಿಟ್ಟು, ಸೌಟಿನ ಹಿಡಿಯನ್ನು ಹಲ್ಲುಗಳ ನಡುವೆ ಅಡ್ಡವಾಗಿ ಇಟ್ಟು, ಮರದ ರುಚಿ ಬರುವ ತನಕ ಕಚ್ಚಿಕೊಂಡು ನಿಂತ.